ಮೂರು ತಿಂಗಳ ನಂತರ ಶುರುವಾಗುವ ಕೆಲಸ: ಭೂತಾನಿ ಹಿಂದೂ ಕುಟುಂಬಕ್ಕೆ ನೆರವಾಗುವುದು ಹೇಗೆ?

ಓಹಾಯೋದ ಕೊಲಂಬಸ್‌ನಲ್ಲಿ ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ನಿಂತರೆ ತೆಲುಗು, ತಮಿಳು, ಗುಜರಾತಿ ಜೊತೆ ನೇಪಾಳಿ ಮಾತೂ ಕಿವಿಗೆ ಬೀಳುತ್ತದೆ. "ನೇಪಾಳದವರಾ?" ಎಂದು ಕೇಳಿ ನೋಡಿ. ಸ್ವಲ್ಪ ತಡೆದು "ಭೂತಾನ್" ಅಂತಾರೆ. ಭೂತಾನ್ ಬೌದ್ಧರ ದೇಶ ಅಲ್ವಾ, ಇವರು ಹಣೆಗೆ ಟೀಕಾ ಇಟ್ಟುಕೊಂಡು ನೇಪಾಳಿ ಮಾತಾಡ್ತಿದ್ದಾರಲ್ಲ ಎಂದು ನಮಗೆ ಗೊಂದಲ. ಮಾತು ಅಲ್ಲಿಗೇ ನಿಲ್ಲುತ್ತದೆ. ನಾನೂ ಎರಡು ವರ್ಷ ಹಾಗೇ ನಿಲ್ಲಿಸಿದ್ದೆ.

ಆಮೇಲೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಅಂಥ ಒಂದು ಕುಟುಂಬ ಸಿಕ್ಕಿತು. ಅವರಿಂದ ಕಲಿತದ್ದನ್ನೂ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಕೊಲಂಬಸ್, ಆಕ್ರನ್, ಪಿಟ್ಸ್‌ಬರ್ಗ್, ಹ್ಯಾರಿಸ್‌ಬರ್ಗ್, ಅಟ್ಲಾಂಟಾ ಕಡೆ ಇರುವ ಕನ್ನಡಿಗರಿಗೆ ಜಾಸ್ತಿ ಉಪಯೋಗವಾದೀತು.

ಮೊದಲು ಇಷ್ಟು ತಿಳಿದಿರಲಿ

ಇವರು ಲೋತ್ಸಂಪಾಗಳು, ಅಂದರೆ ದಕ್ಷಿಣ ಭೂತಾನಿನ ನೇಪಾಳಿ ಮಾತಿನ ಜನ. ತಲೆಮಾರುಗಳಿಂದ ಅಲ್ಲೇ ಕಿತ್ತಳೆ, ಏಲಕ್ಕಿ ಬೆಳೆದುಕೊಂಡು ಇದ್ದವರು. 1985ರಲ್ಲಿ ಹೊಸ ಪೌರತ್ವ ಕಾಯ್ದೆ ಬಂತು. 1988ರ ಜನಗಣತಿಯಲ್ಲಿ ಅಧಿಕಾರಿಗಳು ಕೇಳಿದ್ದು 1958ರಲ್ಲಿ ಭೂತಾನಿನಲ್ಲಿ ಇದ್ದದ್ದಕ್ಕೆ ಪುರಾವೆ, ಅಂದರೆ ಆ ವರ್ಷದ ಕಂದಾಯದ ರಶೀದಿ. ಮೂವತ್ತು ವರ್ಷ ಹಿಂದಿನ ರಶೀದಿ! ನಮ್ಮ ಮನೆಯಲ್ಲಿ ಹೋದ ವರ್ಷದ ವಿದ್ಯುತ್ ಬಿಲ್ ಹುಡುಕಿದರೆ ಸಿಗುವುದಿಲ್ಲ. ಒಂದೇ ಮನೆಯಲ್ಲಿ ಗಂಡ ಭೂತಾನಿ, ಹೆಂಡತಿ ಪರದೇಶಿ ಎಂದು ದಾಖಲಾದದ್ದೂ ಉಂಟು. ಶಾಲೆಗಳಲ್ಲಿ ನೇಪಾಳಿ ನಿಂತಿತು, ಉಡುಪಿನ ಮೇಲೆ ನಿಯಮ ಬಂತು. 1990ರಲ್ಲಿ ಪ್ರತಿಭಟನೆ, ನಂತರ ಬಂಧನ, ಹಿಂಸೆ, ಊರು ಬಿಡಿಸುವಿಕೆ. ಭಾರತದ ನೆಲ ದಾಟಿ ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳಿಗೆ ಬಂದು, ಏಳು ಶಿಬಿರಗಳ ಬಿದಿರು ಗುಡಿಸಿಲಲ್ಲಿ ಹದಿನೈದು, ಇಪ್ಪತ್ತು ವರ್ಷ ಕಳೆದರು.

2007ರ ಕೊನೆಯಲ್ಲಿ ಶುರುವಾದ ಪುನರ್ವಸತಿ ಯೋಜನೆಯಲ್ಲಿ 1 ಲಕ್ಷ 13 ಸಾವಿರಕ್ಕೂ ಹೆಚ್ಚು ಜನ ಎಂಟು ದೇಶಗಳಿಗೆ ಹೋದರು. 90 ಸಾವಿರಕ್ಕೂ ಜಾಸ್ತಿ ಜನ ಅಮೆರಿಕಕ್ಕೇ ಬಂದರು. ಹೆಚ್ಚಿನವರು ಹಿಂದೂಗಳು. ಬೌದ್ಧರು, ಕಿರಾತ ಧರ್ಮದವರು, ಕ್ರೈಸ್ತರೂ ಇದ್ದಾರೆ. ಹಾಗಾಗಿ ನೋಡಿದ ಕೂಡಲೇ "ದೇವಸ್ಥಾನಕ್ಕೆ ಬನ್ನಿ" ಅನ್ನಬೇಡಿ.

ಬೈಲುಕುಪ್ಪೆಯ ಟಿಬೆಟನ್ನರನ್ನೋ ಸಿಂಧನೂರಿನ ಬಂಗಾಳಿ ಕ್ಯಾಂಪುಗಳನ್ನೋ ನೋಡಿದವರು ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಸರ್ಕಾರ ಜಮೀನು ಕೊಟ್ಟು ಒಟ್ಟಿಗೆ ಕೂರಿಸಿತು. ಇಲ್ಲಿ ಸಿಗುವುದು ಬಾಡಿಗೆ ಅಪಾರ್ಟ್‌ಮೆಂಟು. ಪುನರ್ವಸತಿ ಸಂಸ್ಥೆಯ ಮೊದಲ ನೆರವಿನ ಅವಧಿ ಹೆಚ್ಚೆಂದರೆ 90 ದಿನ. ಆಮೇಲೆ ಕೆಲಸ, ಬಾಡಿಗೆ, ಇಂಗ್ಲಿಷು ಎಲ್ಲ ಅವರದ್ದೇ. ಅಮೆರಿಕ 2025ರ ಜನವರಿಯಲ್ಲಿ ನಿರಾಶ್ರಿತರ ಪ್ರವೇಶವನ್ನೇ ತಡೆಹಿಡಿಯಿತು. ಈಗ ನಿಮಗೆ ಸಿಗುವವರು ಬಹುತೇಕ ಹತ್ತು, ಹದಿನೈದು ವರ್ಷದ ಹಿಂದೆ ಬಂದವರು, ಅಥವಾ ಬೇರೆ ರಾಜ್ಯದಿಂದ ನೆಂಟರ ಹತ್ತಿರಕ್ಕೆ ಬಂದು ನೆಲೆಸಿದವರು. ಇಷ್ಟು ವರ್ಷ ಆದಮೇಲೆ ಇನ್ನೇನು ಬೇಕು ಅನ್ನಿಸಬಹುದು. ಬೇಕು. ಮನೆಯ ಹಿರಿಯರನ್ನು ಮಾತಾಡಿಸಿದರೆ ಗೊತ್ತಾಗುತ್ತದೆ.

1. ಮೊದಲ ಸಲ ಬರಿಗೈಲಿ ಹೋಗಿ

ಹಳೇ ಬಟ್ಟೆ, ಹಳೇ ಪಾತ್ರೆ ತುಂಬಿದ ಡಬ್ಬ ಹೊತ್ತುಕೊಂಡು ಹೋಗಬೇಡಿ. ನಾನು ಹಾಗೇ ಹೋಗಿದ್ದೆ. ಅವರು ನಗುತ್ತಲೇ ಇಟ್ಟುಕೊಂಡರು. ವಾರದ ನಂತರ ಅದೇ ಡಬ್ಬ ಬಿಚ್ಚದೆ ಮೆಟ್ಟಿಲ ಕೆಳಗೆ ಕೂತಿತ್ತು. ಹೋಗಬೇಕೆಂದರೆ ಸುಮ್ನೆ ಹೋಗಿ. ಹಣ್ಣು ಸಾಕು. ಚಪ್ಪಲಿ ಹೊರಗೆ ಬಿಡಿ, ಎರಡೂ ಕೈ ಜೋಡಿಸಿ "ನಮಸ್ತೆ" ಅನ್ನಿ, ಕೊಟ್ಟ ಚಹಾ ಕುಡಿಯಿರಿ. ಫೋಟೊ ತೆಗೆಯಬೇಡಿ. ಶಿಬಿರದ ಕಥೆ ಕೆದಕಬೇಡಿ. ಹೇಳಬೇಕು ಅನ್ನಿಸಿದಾಗ ಅವರೇ ಹೇಳುತ್ತಾರೆ.

ಭಾಷೆಗೆ ಹೆದರಬೇಡಿ. ಬಹಳ ಜನಕ್ಕೆ ಹಿಂದಿ ಅರ್ಥವಾಗುತ್ತದೆ, ನಮ್ಮ ಹರಕು ಹಿಂದಿ ಕೂಡ. ಆದರೆ ಆಸ್ಪತ್ರೆ, ಕೋರ್ಟು, ಬ್ಯಾಂಕಿನ ವಿಷಯಕ್ಕೆ ಅದು ಸಾಲದು. ಅಲ್ಲಿ ನೇಪಾಳಿ ದುಭಾಷಿ ಬೇಕು ಎಂದು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಶಾಲೆಗಳು ಭಾಷೆಯ ನೆರವು ಕೊಡಲೇಬೇಕು, ಅದೂ ಪುಕ್ಕಟೆಯಾಗಿ. ಆರನೇ ಕ್ಲಾಸಿನ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ ಅಜ್ಜಿಯ ಗರ್ಭಕೋಶದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿಸುವುದು ಇಬ್ಬರಿಗೂ ಹಿಂಸೆ.

2. ಕಾಗದದ ಚೀಲ ಬಿಚ್ಚಿ

ನೆರವಿನ ಅರ್ಧ ಭಾಗ ಇಲ್ಲೇ ಇದೆ. ನಿಧಾನವಾಗಿ ಮಾಡಿ.

ವಿಮಾನ ಹತ್ತುವಾಗ ನಿರಾಶ್ರಿತರ ಕೈಗೆ ಬಿಳಿ ಪ್ಲಾಸ್ಟಿಕ್ ಚೀಲವೊಂದನ್ನು ಕೊಡುತ್ತಾರೆ. ಮೇಲೆ ನೀಲಿ ಬಣ್ಣದಲ್ಲಿ ಐಓಎಂ (ಅಂತರರಾಷ್ಟ್ರೀಯ ವಲಸೆ ಸಂಸ್ಥೆ) ಎಂದಿರುತ್ತದೆ. ಎದೆಯ ಎಕ್ಸ್‌ರೇಯಿಂದ ಹಿಡಿದು ಎಲ್ಲವೂ ಅದರಲ್ಲೇ. ನಮ್ಮ ಪಕ್ಕದ ಮನೆಯ ಅಜ್ಜಿ ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದರು, ಹನ್ನೊಂದು ವರ್ಷದಿಂದ. ತೆಗೆದು ನೆಲದ ಮೇಲೆ ಹರಡಿದಾಗ ಮುಗಿದುಹೋದ ಕೂಪನ್ನು, ಮೂರು ಕಂಪನಿಗಳ ಜಾಹೀರಾತು, ಇನ್ನೂ ಬಿಚ್ಚದ ಸರ್ಕಾರಿ ಲಕೋಟೆ, ಎಲ್ಲ ಒಂದೇ ಗೌರವದಿಂದ ಮಡಚಿಕೊಂಡು ಕೂತಿದ್ದವು. ಯಾವುದು ಮುಖ್ಯ ಎಂದು ಓದಲು ಬಾರದವರಿಗೆ ಎಲ್ಲ ಕಾಗದವೂ ಮುಖ್ಯ ಅಲ್ವಾ?

ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಫೈಲ್ ಮಾಡಿ. ಐ-94 (ದೇಶಕ್ಕೆ ಬಂದಿಳಿದ ದಾಖಲೆ), ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ), ಸೋಶಿಯಲ್ ಸೆಕ್ಯುರಿಟಿ ಕಾರ್ಡ್, ಲಸಿಕೆ ಪಟ್ಟಿ, ತೆರಿಗೆ ಕಾಗದ, ಬಾಡಿಗೆ ಕರಾರು ಇಷ್ಟು ಮೊದಲು. ಕಾರ್ಡುಗಳ ಎರಡೂ ಬದಿ ನಕಲು ತೆಗೆದು ಬೇರೆ ಕಡೆ ಇಡಿ. ಬೇಡವಾದ ಕಾಗದವನ್ನು ನೀವೇ ಎಸೆಯಬೇಡಿ, ಅವರ ಕೈಯಲ್ಲೇ ಎಸೆಸಿ.

ಹೆಸರು ಮತ್ತು ಹುಟ್ಟಿದ ದಿನ ಎಲ್ಲ ಕಾಗದದಲ್ಲೂ ಒಂದೇ ಇದೆಯಾ ನೋಡಿ. ಹುಟ್ಟಿದ ತಾರೀಖು ಗೊತ್ತಿಲ್ಲದ ಎಷ್ಟೋ ಜನರಿಗೆ ಜನವರಿ 1 ಎಂದು ಬರೆದಿದ್ದಾರೆ. ಒಂದೇ ಮನೆಯಲ್ಲಿ ನಾಲ್ಕು ಜನರ ಹುಟ್ಟುಹಬ್ಬ ಹೊಸ ವರ್ಷದ ದಿನ! ಅದು ತಮಾಷೆಯ ವಿಷಯವಷ್ಟೇ. ಆದರೆ ಒಂದು ಕಡೆ ಜನವರಿ 1, ಇನ್ನೊಂದು ಕಡೆ ಮೇ 14 ಎಂದಿದ್ದರೆ ಮುಂದೆ ತೊಂದರೆ.

ಈ ನಾಲ್ಕು ವಿಷಯ ತಪ್ಪದೆ ಕೇಳಿ:

- ನಿರಾಶ್ರಿತರಾಗಿ ಬಂದು ಒಂದು ವರ್ಷ ತುಂಬಿದ ಮೇಲೆ ಐ-485 ಫಾರಂ ಹಾಕಿ ಗ್ರೀನ್ ಕಾರ್ಡ್ ಪಡೆಯಬೇಕು. ನಿರಾಶ್ರಿತರಿಗೆ ಇದಕ್ಕೆ ಶುಲ್ಕವಿಲ್ಲ. ಯಾರಾದರೂ "ಸರ್ಕಾರಿ ಫೀಸು" ಎಂದು ದುಡ್ಡು ಕೇಳಿದರೆ ಅದು ಸುಳ್ಳು. 2025ರ ಜುಲೈನಲ್ಲಿ ಬಂದ ಕಾನೂನಿನ ನಂತರ ಗ್ರೀನ್ ಕಾರ್ಡ್ ಇಲ್ಲದ ನಿರಾಶ್ರಿತರಿಗೆ ಫುಡ್ ಸ್ಟ್ಯಾಂಪ್ ಕೂಡ ಸಿಗುವುದಿಲ್ಲ.
- ಮನೆ ಬದಲಾಯಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಫಾರಂ ಮೂಲಕ ತಿಳಿಸಬೇಕು. ಅಂಚೆ ಕಚೇರಿಗೆ ಹೇಳಿದರೆ ಸಾಲದು.
- ವಿಮಾನದ ಟಿಕೆಟ್ ದುಡ್ಡು ಸಾಲ. ಬಡ್ಡಿ ಇಲ್ಲ, ಆದರೆ ತೀರಿಸಲೇಬೇಕು. ಹಳೇ ಬಾಕಿ ಇದ್ದರೆ ಫೋನ್ ಮಾಡಿ ಸಣ್ಣ ಕಂತು ಕೇಳಿಕೊಳ್ಳಿ. ಕಂತು ಸರಿಯಾಗಿ ಕಟ್ಟಿದರೆ ಕ್ರೆಡಿಟ್ ಇತಿಹಾಸವೂ ಬೆಳೆಯುತ್ತದೆ.
- ಪೌರತ್ವ ಬರುವ ಮೊದಲು ಮತದಾರರ ಪಟ್ಟಿಗೆ ಸೇರಬಾರದು. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ "ವೋಟಿಗೆ ಹೆಸರು ಸೇರಿಸಲಾ?" ಎಂದರೆ, ಅರ್ಥವಾಗದೆ "ಯೆಸ್" ಅನ್ನುವವರು ಇದ್ದಾರೆ. ಆ ಒಂದು ಯೆಸ್ ಮುಂದೆ ಪೌರತ್ವಕ್ಕೇ ಅಡ್ಡ ಬರಬಹುದು.

ನೀವು ಫಾರಂ ಓದಿ ಹೇಳಬಹುದು, ಜೊತೆಯಲ್ಲಿ ಹೋಗಬಹುದು. ಆದರೆ ಕಾನೂನು ಸಲಹೆ ಕೊಡಬೇಡಿ. ನಮಗೆ ಎಚ್-1ಬಿ ಕೆಲಸದ ವೀಸಾ ಗೊತ್ತು ಎಂದ ಮಾತ್ರಕ್ಕೆ ನಿರಾಶ್ರಿತರ ಕಾನೂನು ಗೊತ್ತು ಎಂದಲ್ಲ. ಮನೆಯಲ್ಲಿ ಯಾರ ಮೇಲಾದರೂ ಪೊಲೀಸ್ ಕೇಸು ಇದ್ದರೆ, ಹಳೆಯದಾದರೂ ಸರಿ, ತಪ್ಪೊಪ್ಪಿಕೊಳ್ಳುವ ಮೊದಲೇ ವಲಸೆ ವಕೀಲರನ್ನು ನೋಡಬೇಕು. 2025ರಲ್ಲಿ ಅಮೆರಿಕವು ಹಳೇ ಅಪರಾಧ ದಾಖಲೆಗಳ ಕಾರಣಕ್ಕೆ ಕೆಲವರನ್ನು ಭೂತಾನಿಗೇ ಗಡಿಪಾರು ಮಾಡಿತು. ಭೂತಾನ್ ಅವರನ್ನು ಇಟ್ಟುಕೊಳ್ಳಲಿಲ್ಲ, ಮತ್ತೆ ಗಡಿಯ ಆಚೆಗೆ ಕಳಿಸಿತು. ಕೆಲವರು ಭಾರತ ದಾಟಿ ಅದೇ ನೇಪಾಳಕ್ಕೆ ಬಂದು ಬಿದ್ದರು. ಆ ಸುದ್ದಿ ಬಂದ ವಾರ ನಮ್ಮ ಬೀದಿಯ ನೇಪಾಳಿ ಅಂಗಡಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

3. ಅಡುಗೆಮನೆ

ಹೊಗೆ ಎದ್ದರೆ ಅಲಾರಂ ಹೊಡೆದುಕೊಳ್ಳುತ್ತದೆ, ನಮಗೆ ಅದು ಕಿರಿಕಿರಿ. ಇವರಿಗೆ ಹಾಗಲ್ಲ. 2008ರ ಮಾರ್ಚಿನಲ್ಲಿ ನೇಪಾಳದ ಗೋಲ್ಧಾಪ್ ಶಿಬಿರಕ್ಕೆ ಬೆಂಕಿ ಬಿದ್ದು ಹೆಚ್ಚುಕಡಿಮೆ ಇಡೀ ಶಿಬಿರ ಸುಟ್ಟುಹೋಯಿತು. ಬಿದಿರು, ಹುಲ್ಲು, ಪಕ್ಕಪಕ್ಕದ ಗುಡಿಸಿಲು. ಅದನ್ನು ಕಂಡವರಿಗೆ ಅಲಾರಂ ಸದ್ದು ಬೇರೆಯೇ ಕೇಳಿಸುತ್ತದೆ. ಒಗ್ಗರಣೆ ಹಾಕಿದಾಗ ಅದು ಕೂಗಿದ್ದಕ್ಕೆ ಅಜ್ಜಿ ಕಾಗದದ ಚೀಲ ಹಿಡಿದು ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಒಂದು ಸಂಜೆ ಕೂತು ತೋರಿಸಿ: ಒಲೆಯ ಮೇಲಿನ ಫ್ಯಾನ್ ಎಲ್ಲಿ ಹಾಕುವುದು, ಕಿಟಕಿ ಎಷ್ಟು ತೆಗೆಯುವುದು, ಅಲಾರಂ ಯಾವಾಗ ಸುಮ್ಮನಾಗುತ್ತದೆ, 911ಕ್ಕೆ ಯಾವಾಗ ಕರೆಯುವುದು. ಬ್ಯಾಟರಿ ಕಿತ್ತು ಇಡುವ "ಉಪಾಯ" ಮಾತ್ರ ಕಲಿಸಬೇಡಿ. ನಮ್ಮವರಲ್ಲಿ ಅದು ಜಾಸ್ತಿ. ಹೋಮ ಇದ್ದರೆ ದೇವಸ್ಥಾನದಲ್ಲೋ ಹೊರಗಿನ ಅಂಗಳದಲ್ಲೋ.

ವಿಟಮಿನ್ ಬಿ12 ವಿಷಯ ಮರೆಯಬೇಡಿ. ಶಿಬಿರದಲ್ಲಿ ವರ್ಷಗಟ್ಟಲೆ ಪಡಿತರದ ಅಕ್ಕಿ, ಬೇಳೆ, ಎಣ್ಣೆ. ಹಾಲು, ಮೊಟ್ಟೆ, ಮಾಂಸ ಅಪರೂಪ. ಇಲ್ಲಿಗೆ ಬಂದ ಭೂತಾನಿಗಳಲ್ಲಿ ಬಿ12 ಕೊರತೆ ದೊಡ್ಡ ಪ್ರಮಾಣದಲ್ಲಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2011ರಲ್ಲೇ ವರದಿ ಮಾಡಿತು. ಕೈಕಾಲು ಜೋಮು, ಸುಸ್ತು, ಮರೆವು, ಮಂಕು ಇದ್ದರೆ "ವಯಸ್ಸಾಯ್ತು" ಎಂದು ಬಿಡದೆ ಡಾಕ್ಟರ ಹತ್ತಿರ ಬಿ12 ಪರೀಕ್ಷೆ ಕೇಳಲು ಹೇಳಿ. ಸಸ್ಯಾಹಾರಿ ಕನ್ನಡಿಗರೇ, ನೀವೂ ಒಮ್ಮೆ ಮಾಡಿಸಿಕೊಳ್ಳಿ.

ಮಕ್ಕಳ ಶಾಲೆಯ ಊಟದಲ್ಲಿ ದನದ ಮಾಂಸ ಇರುತ್ತದೆ. ತಿಂಗಳ ಮೆನು ಮೊದಲೇ ಸಿಗುತ್ತದೆ. ಅದರಲ್ಲಿ ಬೀಫ್ ಎಂಬ ಪದ ಗುರುತಿಸಲು ಅಮ್ಮನಿಗೇ ಕಲಿಸಿ. ನಾಲ್ಕು ಅಕ್ಷರ, ಹತ್ತು ನಿಮಿಷದ ಪಾಠ.

4. ಕೆಲಸ

ಗೋದಾಮು, ಹೋಟೆಲ್ ಕೋಣೆಗಳ ಸ್ವಚ್ಛತೆ, ಕಾರ್ಖಾನೆಯ ಪ್ಯಾಕಿಂಗ್ ಇವೇ ಮೊದಲ ಕೆಲಸಗಳು. ಮಾಂಸದ ಕಾರ್ಖಾನೆಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಹಿಂದೂ ಮನೆಗಳಲ್ಲಿ ಇದು ನುಂಗಲೂ ಆಗದ ಉಗುಳಲೂ ಆಗದ ವಿಷಯ. ಸೇರುವ ಮೊದಲೇ "ಯಾವ ಮಾಂಸ, ಯಾವ ವಿಭಾಗ" ಎಂದು ಕೇಳಲು ಹೇಳಿ. ಸೇರಿದ ಮೇಲೆ ಬೇರೆ ವಿಭಾಗ ಕೇಳುವುದೂ ತಪ್ಪಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ 15 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ, ತನಗೆ ವಿಪರೀತ ಹೊರೆಯಾಗದಿದ್ದರೆ, ಧಾರ್ಮಿಕ ಕಾರಣಕ್ಕೆ ಹೊಂದಾಣಿಕೆ ಮಾಡಿಕೊಡಬೇಕು. ಬರವಣಿಗೆಯಲ್ಲಿ ಕೇಳಿದರೆ ಒಳ್ಳೆಯದು, ಅಷ್ಟೇ. "ಛೇ, ಅಂಥ ಕೆಲಸ ಬಿಟ್ಟುಬಿಡಿ" ಎಂದು ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯುವ ನಾವು ಹೇಳುವುದು ಮಾತ್ರ ಬೇಡ. ಬಾಡಿಗೆ ನಾವು ಕಟ್ಟುತ್ತೇವಾ?

ನೀವು ಕೊಡಬಹುದಾದ ದೊಡ್ಡ ನೆರವು ಡ್ರೈವಿಂಗ್ ಅಭ್ಯಾಸ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಾಲ್ಕು ಶನಿವಾರ. ಮನೆಯ ಹೆಂಗಸು ಕಾರು ಓಡಿಸಲು ಕಲಿತರೆ ಆ ಮನೆ ಬದಲಾಗುವ ವೇಗವೇ ಬೇರೆ.

5. ಮಕ್ಕಳು

ಇವರ ಬಗ್ಗೆ ಜಾಸ್ತಿ ಚಿಂತೆ ಬೇಡ, ಇಂಗ್ಲಿಷ್ ತಾನಾಗಿ ಬರುತ್ತದೆ. ಹೈಸ್ಕೂಲಿನ ಕೊನೆ ವರ್ಷದವರಿಗೆ ಮಾತ್ರ ಒಂದು ಸಂಜೆ ಕೊಡಿ. ಕಾಲೇಜಿಗೆ ಸರ್ಕಾರದ ಹಣಕಾಸಿನ ನೆರವು ನಾಗರಿಕರಿಗಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇರುವವರಿಗೂ ಸಿಗುತ್ತದೆ ಎಂದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅದರ ಅರ್ಜಿ ತುಂಬಲು ಪಕ್ಕದಲ್ಲಿ ಕೂತುಕೊಳ್ಳಿ.

6. ಅಜ್ಜ, ಅಜ್ಜಿ

ಬೆಳಿಗ್ಗೆ ಐದಕ್ಕೆ ಮಗ ಗೋದಾಮಿಗೆ, ಏಳಕ್ಕೆ ಮೊಮ್ಮಕ್ಕಳು ಶಾಲೆಗೆ, ಮಧ್ಯಾಹ್ನ ಸೊಸೆ ಎರಡನೇ ಪಾಳಿಗೆ. ಉಳಿಯುವುದು ಅಜ್ಜ, ಅಜ್ಜಿ, ಟಿವಿ. ಶಿಬಿರದಲ್ಲಿ ಬಡತನವಿತ್ತು, ಆದರೆ ಬಾಗಿಲು ತೆಗೆದರೆ ಮಾತಾಡಲು ಜನ ಇದ್ದರು. ಇಲ್ಲಿ ಬಾಗಿಲಿಗೇ ಎರಡು ಬೀಗ. 2009ರಿಂದ 2012ರ ನಡುವೆ ಅಮೆರಿಕದ ಭೂತಾನಿ ನಿರಾಶ್ರಿತರಲ್ಲಿ 16 ಆತ್ಮಹತ್ಯೆಗಳಾದವು. ದೇಶದ ಸರಾಸರಿಗಿಂತ ಈ ಪ್ರಮಾಣ ಜಾಸ್ತಿ ಎಂದು ರೋಗ ನಿಯಂತ್ರಣ ಕೇಂದ್ರವೇ ಬಂದು ಅಧ್ಯಯನ ಮಾಡಿತು. ಭಾಷೆ ಬಾರದಿರುವುದು, ಮನೆ ನಡೆಸುವ ಯಜಮಾನಿಕೆ ಕೈತಪ್ಪಿದ್ದು, ನೆಂಟರಿಂದ ದೂರವಾದದ್ದು, ಇವೆಲ್ಲ ಅವರ ಮನಸ್ಸನ್ನು ಹಿಂಡುತ್ತವೆ.

"ಡಿಪ್ರೆಶನ್ ಇದೆಯಾ?" ಎಂದು ಕೇಳಿದರೆ "ಇಲ್ಲ" ಅಂತಾರೆ. ನಿದ್ದೆ ಹೇಗಿದೆ, ಊಟ ರುಚಿಸುತ್ತಾ, ತಲೆನೋವಾ ಎಂದು ಕೇಳಿ. ಯಾರಾದರೂ ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬರನ್ನೇ ಬಿಟ್ಟು ಬರಬೇಡಿ, ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ ನೇಪಾಳಿ ದುಭಾಷಿ ಕೇಳಿ.

ಔಷಧಿಗಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಮಣ್ಣು. ಊರಿನ ಸಮುದಾಯ ತೋಟದಲ್ಲಿ ಒಂದು ತುಂಡು ಜಾಗಕ್ಕೆ ಅರ್ಜಿ ಹಾಕಿಸಿ. ಚಳಿಗಾಲದಲ್ಲೇ ಹಾಕಬೇಕು, ಏಪ್ರಿಲ್‌ಗೆ ಹೋದರೆ ಖಾಲಿ ಇರುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಹತ್ತು ಅಡಿ ಅಗಲದ ಜಾಗ ಸಿಕ್ಕಿತು. ನಾನು ಅಂಗಡಿಯಿಂದ ಟೊಮೆಟೊ ಸಸಿ ತಂದುಕೊಟ್ಟೆ. ಅವರು ಅದನ್ನು ಮರ್ಯಾದೆಗೆಂದು ಮೂಲೆಯಲ್ಲಿ ನೆಟ್ಟರು. ಉಳಿದ ಜಾಗಕ್ಕೆಲ್ಲ ಸೀರೆಯ ಗಂಟಿನಿಂದ ಸಾಸಿವೆ ಸೊಪ್ಪಿನ ಬೀಜ. ಓಹಾಯೋದಲ್ಲಿ ಮೇ ಮಧ್ಯದವರೆಗೂ ಮಂಜು ಬೀಳಬಹುದು ಎಂದು ಎಚ್ಚರಿಸಿದೆ. ರಾಯೋ ಸಾಗಿಗೆ ಚಳಿ ಅಂದ್ರೆ ಹಬ್ಬ ಎಂದು ನಕ್ಕರು. ಆವತ್ತು ಮೊದಲ ಸಲ ಅವರು ಹೇಳುವವರು, ನಾನು ಕೇಳುವವಳು. ಜುಲೈನಲ್ಲಿ ಸೊಪ್ಪು ಬಾಡಿಸಿ, ಬಾಟಲಿಗೆ ಒತ್ತಿ ತುಂಬಿ, ಹುಳಿ ಬರಿಸಿ, ಒಣಗಿಸಿ ಗುಂದ್ರುಕ್ ಮಾಡಿದರು. ಅದರ ವಾಸನೆ ಮೂರನೇ ಮಹಡಿಯವರೆಗೂ ಬಂತು ಎಂಬುದು ಬೇರೆ ಮಾತು.

7. ಹಬ್ಬ ಮತ್ತು ಸಾವು

ದಸೈಂ, ಅಂದರೆ ನಮ್ಮ ದಸರಾ. ಒಂಬತ್ತು ದಿನ ಕತ್ತಲೆಯಲ್ಲಿ ಮೊಳಕೆ ಬರಿಸಿದ ಹಳದಿ ಜಮರಾ ಸಸಿ, ಅಕ್ಕಿ, ಮೊಸರು, ಕೆಂಪು ಸೇರಿಸಿದ ಟೀಕಾ. ಉತ್ತರ ಕರ್ನಾಟಕದಲ್ಲಿ ಘಟ್ಟ ಹಾಕಿ ಸಸಿ ಬೆಳೆಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಕರೆದರೆ ಹೋಗಿ, ಹಿರಿಯರ ಮುಂದೆ ತಲೆ ಬಗ್ಗಿಸಿ ಟೀಕಾ ಹಾಕಿಸಿಕೊಳ್ಳಿ. "ನಮ್ಮಲ್ಲಿ ಹೀಗೆ ಮಾಡಲ್ಲ" ಎಂಬ ಪಾಠ ಬೇಡ.

ಸಾವಿನ ಬಗ್ಗೆ ಮೊದಲೇ ಮಾತಾಡುವುದು ಕಷ್ಟ, ಆದರೆ ಮಾತಾಡಿ. ಹತ್ತಿರದ ಯಾವ ಶವಸಂಸ್ಕಾರ ಸಂಸ್ಥೆ ಮನೆಯವರನ್ನು ಚಿತಾಗಾರದ ಗುಂಡಿ ಒತ್ತಲು ಬಿಡುತ್ತದೆ, ಎಷ್ಟು ಖರ್ಚು ಎಂದು ದೇವಸ್ಥಾನದವರನ್ನು ಕೇಳಿ ಬರೆದಿಡಿ. ಮಗ 13 ದಿನ ಬಿಳಿ ಬಟ್ಟೆಯಲ್ಲಿ, ಉಪ್ಪಿಲ್ಲದ ಒಂದೇ ಹೊತ್ತಿನ ಊಟದಲ್ಲಿ ಕ್ರಿಯೆಗೆ ಕೂರುತ್ತಾನೆ. ಕಂಪನಿಯವರು ಸಾಮಾನ್ಯವಾಗಿ ಕೊಡುವುದು ಮೂರು ದಿನ ರಜೆ. ಮೇಲ್ವಿಚಾರಕರಿಗೆ ಅರ್ಥವಾಗುವಂತೆ ಒಂದು ಪುಟದ ಪತ್ರ ಬರೆದುಕೊಡುವುದು ನಿಮ್ಮಿಂದ ಆಗುವ ಕೆಲಸ. ನಾನು ಇಂಥ ಮೂರು ಪತ್ರ ಬರೆದಿದ್ದೇನೆ. ಎರಡು ಕೆಲಸ ಮಾಡಿದವು.

8. ಪೌರತ್ವ

ಬಂದ ದಿನದಿಂದ ಐದು ವರ್ಷಕ್ಕೆ ಎನ್-400 ಅರ್ಜಿ ಹಾಕಬಹುದು. ನಿರಾಶ್ರಿತರ ಗ್ರೀನ್ ಕಾರ್ಡಿನಲ್ಲಿ "ರೆಸಿಡೆಂಟ್ ಸಿನ್ಸ್" ಎಂದು ಇರುವುದು ಅವರು ಬಂದಿಳಿದ ತಾರೀಖೇ. ಮಕ್ಕಳೆಲ್ಲ ಹಾಕಿ ಮುಗಿಸಿರುತ್ತಾರೆ. ಹಿರಿಯರು ಇಂಗ್ಲಿಷಿಗೆ ಹೆದರಿ ಕೂತಿರುತ್ತಾರೆ. 65 ದಾಟಿದ ಬಡವರಿಗೆ ಸಿಗುವ ಎಸ್‌ಎಸ್‌ಐ ಹಣ ಪೌರತ್ವ ಇಲ್ಲದಿದ್ದರೆ ಸಾಮಾನ್ಯವಾಗಿ ಏಳು ವರ್ಷಕ್ಕೆ ನಿಂತುಹೋಗುತ್ತದೆ. ಹಾಗೆ ನಿಂತ ಮೇಲೆ ಮಗನ ಮುಂದೆ ಕೈ ಚಾಚಬೇಕು.

ಈಗ ಒಂದು ಒಳ್ಳೇ ಸುದ್ದಿ. 55 ವಯಸ್ಸು ದಾಟಿ, ಗ್ರೀನ್ ಕಾರ್ಡ್ ಲೆಕ್ಕದಲ್ಲಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದೇಶದ ಬಗೆಗಿನ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ನೇಪಾಳಿಯಲ್ಲೇ ಉತ್ತರಿಸಬಹುದು. 2008ರಿಂದ 2010ರ ನಡುವೆ ಬಂದವರೆಲ್ಲ ಈ 15 ವರ್ಷ ದಾಟಿದ್ದಾರೆ. ಎಷ್ಟೋ ಮನೆಗಳಿಗೆ ಇದು ತಿಳಿದೇ ಇಲ್ಲ. 65 ವಯಸ್ಸು ಮತ್ತು 20 ವರ್ಷ ಆದವರಿಗೆ ಪ್ರಶ್ನೆಗಳೂ ಕಡಿಮೆ. ಮೊದಲು ಬಂದವರಿಗೆ ಅದು 2028ರಲ್ಲಿ. ಮರೆವಿನ ಕಾಯಿಲೆಯಂಥ ವೈದ್ಯಕೀಯ ಕಾರಣವಿದ್ದರೆ ಡಾಕ್ಟರು ಎನ್-648 ಫಾರಂ ತುಂಬಿಕೊಡಬಹುದು. ಆದಾಯ ಕಡಿಮೆ ಇದ್ದರೆ ಶುಲ್ಕ ಮಾಫಿಗೂ ಅರ್ಜಿ ಇದೆ.

ಓದಿಸುವಾಗ ಹೊಸ ಪಟ್ಟಿ ನೋಡಿಕೊಳ್ಳಿ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ 128 ಪ್ರಶ್ನೆಗಳ ಪಟ್ಟಿ. ಅದರಲ್ಲಿ 20 ಕೇಳಿ 12 ಸರಿ ಬಂದರೆ ಪಾಸು. ಹಿಂದಿನ 100 ಪ್ರಶ್ನೆಗಳ ಹಳೇ ವಿಡಿಯೋ ಹಾಕಿಕೊಟ್ಟು ಮೋಸ ಹೋಗಬೇಡಿ. ಬಾಯಿಪಾಠಕ್ಕೆ ಫೋನ್ ಸಾಕು. ಮೊಮ್ಮಗನ ದನಿಯಲ್ಲಿ ಪ್ರಶ್ನೆ ರೆಕಾರ್ಡ್ ಮಾಡಿ, ಅಜ್ಜಿ ಸೊಪ್ಪು ಬಿಡಿಸುತ್ತಾ ಉತ್ತರ ಹೇಳಲಿ.

ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ಅಲ್ಲೇ ವಾಪಸ್ ಕೊಡಬೇಕು. ಇದನ್ನು ಹಿರಿಯರಿಗೆ ಹಿಂದಿನ ದಿನವೇ ಹೇಳಿಡಿ. ನಾನು ಹೇಳಿರಲಿಲ್ಲ. ಮೇಜಿನ ಆಚೆಯಾಕೆ ಕೈ ಚಾಚಿದಾಗ ಅಜ್ಜಿ ಕಾರ್ಡನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು. ಮೊಮ್ಮಗಳು ಏನೇನೋ ಸಮಾಧಾನ ಹೇಳಿದಳು. ಕೊನೆಗೆ ಅಜ್ಜಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: "ಕೊಡ್ತೀನಿ. ರಶೀದಿ ಕೊಡ್ತಾರಾ?"